ಜಿರಾಫೆಯ ಮೂಲ ಊರು ಯಾವುದು?

ಮನೆಗೆ ಹೊಸಬರು ಯಾರಾದರೂ ಬಂದರೆ ನಮ್ಮ ಕಡೆಯ ಹಿರಿಯರು ಕೇಳುವ ಮೊದಲ ಪ್ರಶ್ನೆ “ಕಾಫಿ ಆಯ್ತಾ?” ಎರಡನೆಯದು “ಯಾವ ಊರಾಯ್ತು?” ಬಂದವರು “ಬೆಂಗಳೂರು” ಅಂದರೆ ಅಷ್ಟಕ್ಕೇ ಬಿಡುವುದಿಲ್ಲ. “ಅದಲ್ಲಪ್ಪ, ಮೂಲ ಊರು?” ಅನ್ನುತ್ತಾರೆ. ಹುಟ್ಟಿದ್ದು, ಬೆಳೆದಿದ್ದು, ಓದಿದ್ದು ಎಲ್ಲ ಬೆಂಗಳೂರೇ ಆದರೂ ಅಜ್ಜ ಮುತ್ತಜ್ಜಂದಿರ ಊರಿನ ಹೆಸರು ಬಾಯಿಂದ ಬರುವ ತನಕ ನಮಗೆ ಸಮಾಧಾನವಿಲ್ಲ.

ಮೈಸೂರಿನ ಮೃಗಾಲಯಕ್ಕೆ ಹೋದಾಗ ಪ್ರಾಣಿಗಳಿಗೂ ಇದೇ ಪ್ರಶ್ನೆ ಕೇಳಬೇಕು ಮಕ್ಕಳೇ. ಅವು ಬಾಯಿಬಿಟ್ಟು ಹೇಳುವುದಿಲ್ಲ, ಆದರೆ ಆವರಣದ ಮುಂದಿನ ಬೋರ್ಡು ಹೇಳುತ್ತದೆ. ನಾವೆಲ್ಲ ಬೋರ್ಡಿನಲ್ಲಿ ಪ್ರಾಣಿಯ ಹೆಸರನ್ನಷ್ಟೇ ಓದಿ, ಮೊಬೈಲಿನಲ್ಲಿ ಒಂದು ಫೋಟೋ ತೆಗೆದು ಮುಂದೆ ಹೋಗುತ್ತೇವೆ. ಅದು ಯಾವ ದೇಶದ್ದು, ಎಂಥ ಕಾಡಿನದು ಎಂದು ಬರೆದಿರುವುದನ್ನು ಓದುವವರು ಕಡಿಮೆ. ಬ್ಯಾಂಕಿನ ಕೌಂಟರಿನಲ್ಲಿ ಕೂತವನಿಗೆ ಅರ್ಜಿ ಕೈಗೆ ಬಂದರೆ ಕಣ್ಣು ಮೊದಲು ವಿಳಾಸದ ಕಾಲಂಗೆ ಹೋಗುತ್ತದೆ. ನನಗೆ ಆ ಅಭ್ಯಾಸ ಇನ್ನೂ ಹೋಗಿಲ್ಲ. ಹಾಗಾಗಿ ದಸರಾ ರಜೆಯಲ್ಲಿ ಆರನೇ ಕ್ಲಾಸಿನ ಮೊಮ್ಮಗಳು, ಎರಡನೇ ಕ್ಲಾಸಿನ ಮೊಮ್ಮಗ ಇಬ್ಬರನ್ನೂ ಕರೆದುಕೊಂಡು ಹೋದಾಗ ಒಂದು ಕರಾರು ಹಾಕಿದೆ. ಮೊದಲು ಊರು ಓದಬೇಕು, ಆಮೇಲೆ ಪ್ರಾಣಿ ನೋಡಬೇಕು.

ಈ ಮೃಗಾಲಯ ಶುರುವಾದದ್ದು 1892ರಲ್ಲಿ, ಹತ್ತನೆಯ ಚಾಮರಾಜೇಂದ್ರ ಒಡೆಯರ ಕಾಲದಲ್ಲಿ. ಮೊದಲಿಗೆ ಅದು ಅರಮನೆಯದೇ ಆಗಿತ್ತು. ಈಗಿನ ಶ್ರೀ ಚಾಮರಾಜೇಂದ್ರ ಮೃಗಾಲಯ ಎಂಬ ಹೆಸರು ಬಂದದ್ದು 1909ರಲ್ಲಿ. ಎತ್ತರದ ಮರಗಳ ನೆರಳಿದೆ, ಅಲ್ಲಲ್ಲಿ ಕೂರಲು ಬೆಂಚುಗಳಿವೆ. ನನ್ನಂಥ ಮಂಡಿನೋವಿನವರಿಗೆ ಅದು ದೊಡ್ಡ ಉಪಕಾರ.

ಜಿರಾಫೆಯ ಮುಂದೆ ಯಾವಾಗಲೂ ಜನ ಹೆಚ್ಚು. ಬೋರ್ಡು ಓದಿದ ಮೊಮ್ಮಗ “ಆಫ್ರಿಕಾ!” ಎಂದು ಕೂಗಿದ. ಸರಿ, ಆಫ್ರಿಕಾದಲ್ಲಿ ಎಂಥ ಜಾಗ? ಬಯಲು ಹುಲ್ಲುಗಾವಲು, ನಡುನಡುವೆ ಮುಳ್ಳಿನ ಮರಗಳು. ನಮ್ಮ ಜಾಲಿಮರದ ದಾಯಾದಿಗಳು ಅನ್ನಿ. ಕೆಳಗಿನ ಎಲೆಗೆ ಜಿಂಕೆಗಳ ಪೈಪೋಟಿ, ಮೇಲಿನ ಎಲೆ ಜಿರಾಫೆಗೆ. ಗಂಡು ಜಿರಾಫೆ ಹದಿನೆಂಟು ಅಡಿಯವರೆಗೂ ಬೆಳೆಯುತ್ತದೆ. ಮುಳ್ಳುಗಳ ನಡುವಿನಿಂದ ಎಲೆ ಎಳೆದುಕೊಳ್ಳಲು ಒಂದೂವರೆ ಅಡಿಯ ನಾಲಿಗೆ. ಆ ನಾಲಿಗೆ ಕಪ್ಪುಗಟ್ಟಿದ ನೇರಳೆ ಬಣ್ಣದ್ದು. ನೇರಳೆಹಣ್ಣು ತಿಂದ ನಿಮ್ಮ ನಾಲಿಗೆ ಹೇಗಿರುತ್ತದೋ ಹಾಗೆ.

“ಕತ್ತಿನಲ್ಲಿ ಎಷ್ಟು ಮೂಳೆ ಇರಬಹುದು?” ಎಂದು ಕೇಳಿದೆ. ಮೊಮ್ಮಗ ನೂರು ಅಂದ, ಮೊಮ್ಮಗಳು ಐವತ್ತು ಅಂದಳು. ಇರುವುದು ಏಳೇ ಏಳು! ನಿಮ್ಮ ಕತ್ತಿನಲ್ಲೂ ಏಳು, ನನ್ನ ಕತ್ತಿನಲ್ಲೂ ಏಳು, ಮನೆಯ ಇಲಿಯ ಕತ್ತಿನಲ್ಲೂ ಏಳು. ಜಿರಾಫೆಯದು ಒಂದೊಂದೂ ಹತ್ತಿರ ಹತ್ತಿರ ಒಂದು ಅಡಿ ಉದ್ದ, ಅಷ್ಟೇ ವ್ಯತ್ಯಾಸ. ಮೊಮ್ಮಗ ಅಲ್ಲೇ ನಿಂತು ತನ್ನ ಕತ್ತಿನ ಹಿಂಭಾಗವನ್ನು ಒತ್ತಿ ಒತ್ತಿ ಎಣಿಸತೊಡಗಿದ.

ಇನ್ನು ನನ್ನ ವಯಸ್ಸಿನವರು ಕೇಳಬೇಕಾದ ವಿಷಯ. ಅಷ್ಟು ಎತ್ತರದಲ್ಲಿರುವ ತಲೆಗೆ ರಕ್ತ ಏರಿಸಬೇಕಲ್ಲ, ಅದಕ್ಕೆ ಜಿರಾಫೆಯ ಹೃದಯ ಸುಮಾರು ಹನ್ನೊಂದು ಕಿಲೋ ತೂಗುತ್ತದೆ. ಅದರ ಬಿ.ಪಿ. ನಮ್ಮದರ ಎರಡರಷ್ಟು. ನಮಗೆ ಅಷ್ಟಿದ್ದರೆ ಡಾಕ್ಟರು ಮನೆಗೇ ಬಿಡುವುದಿಲ್ಲ, ಜಿರಾಫೆಗೆ ಅದು ನಾರ್ಮಲ್. ಅಷ್ಟು ಒತ್ತಡಕ್ಕೆ ಕಾಲು ಊದಿಕೊಳ್ಳಬೇಕಿತ್ತು. ಆದರೆ ಅದರ ಕಾಲಿನ ಚರ್ಮವೇ ದಪ್ಪ ಮತ್ತು ಬಿಗಿ. ಕಾಲಿನ ನರ ಉಬ್ಬಿದವರಿಗೆ ಡಾಕ್ಟರು ಬಿಗಿ ಸಾಕ್ಸ್ ಬರೆದುಕೊಡುತ್ತಾರಲ್ಲ, ಜಿರಾಫೆ ಅದನ್ನು ಹುಟ್ಟುವಾಗಲೇ ಹಾಕಿಕೊಂಡು ಬರುತ್ತದೆ. ಹುಟ್ಟುವುದಾದರೂ ಹೇಗೆ ಅಂತೀರಿ! ತಾಯಿ ನಿಂತೇ ಹೆರುತ್ತದೆ, ಮರಿ ಆರು ಅಡಿ ಮೇಲಿನಿಂದ ದೊಪ್ಪನೆ ನೆಲಕ್ಕೆ ಬೀಳುತ್ತದೆ. ಒಂದು ಗಂಟೆಯೊಳಗೆ ಎದ್ದು ನಿಲ್ಲುತ್ತದೆ.

ಹೀಗೆ ಊರು ಬಿಟ್ಟು ಬಂದ ಜಿರಾಫೆಗಳಲ್ಲಿ ಒಂದರ ಕಥೆಯನ್ನು ನಾನು ಮಕ್ಕಳಿಗೆ ಬೆಂಚಿನ ಮೇಲೆ ಕೂತು ಹೇಳಿದೆ. ಇನ್ನೂರು ವರ್ಷದ ಹಿಂದೆ ಈಜಿಪ್ಟನ್ನು ಆಳುತ್ತಿದ್ದ ಮುಹಮ್ಮದ್ ಅಲಿ ಫ್ರಾನ್ಸಿನ ದೊರೆ ಹತ್ತನೆಯ ಚಾರ್ಲ್ಸ್‌ಗೆ ಒಂದು ಜಿರಾಫೆ ಮರಿಯನ್ನು ಉಡುಗೊರೆ ಕಳಿಸಿದ. ಸುಡಾನಿನಲ್ಲಿ ಹಿಡಿದ ಹೆಣ್ಣು ಮರಿ. ನೈಲ್ ನದಿಯಲ್ಲಿ ದೋಣಿ, ಆಮೇಲೆ ಹಡಗು. ಕತ್ತು ಹೊರಗೆ ಚಾಚಲೆಂದು ಹಡಗಿನ ಮೇಲ್ಛಾವಣಿಯಲ್ಲಿ ಒಂದು ತೂತು ಕೊರೆದಿದ್ದರು. ಹಾಲು ಕುಡಿಸಲು ಜೊತೆಗೆ ಹಸುಗಳು. 1827ರಲ್ಲಿ ಮಾರ್ಸೇಲ್ಸ್ ಬಂದರಿನಿಂದ ಪ್ಯಾರಿಸ್‌ಗೆ ಸುಮಾರು ಒಂಬೈನೂರು ಕಿಲೋಮೀಟರು ದೂರವನ್ನು ಅದು ನಲವತ್ತೊಂದು ದಿನ ನಡೆದೇ ಕ್ರಮಿಸಿತು! ಮಳೆಗೆ ನೆನೆಯದಿರಲೆಂದು ಅದಕ್ಕೊಂದು ರೇನ್‌ಕೋಟು ಹೊಲಿಸಿದ್ದರು. ದಾರಿಯುದ್ದಕ್ಕೂ ಜಾತ್ರೆಯಂತೆ ಜನ. ಪ್ಯಾರಿಸ್ಸಿನ ಹೆಂಗಸರು ಜಿರಾಫೆಯ ಹಾಗೆ ತಲೆಗೂದಲನ್ನು ಎತ್ತರಕ್ಕೆ ಕಟ್ಟತೊಡಗಿದರು. ಅದು ಅಲ್ಲೇ ಹದಿನೆಂಟು ವರ್ಷ ಬಾಳಿತು.

“ಮತ್ತೆ ಊರಿಗೆ ಹೋಗಲೇ ಇಲ್ವಾ ತಾತ?” ಅಂದಳು ಮೊಮ್ಮಗಳು. ಹೋಗಲಿಲ್ಲ ಅಂದೆ.

ಜೀಬ್ರಾ ಬಗ್ಗೆ ಒಂದೇ ಮಾತು. ಅದರ ಪಟ್ಟೆಗೆ ಮುಖ್ಯ ಕಾರಣ ಸಿಂಹಕ್ಕಿಂತ ಹೆಚ್ಚಾಗಿ ಕಚ್ಚುವ ನೊಣ ಎಂದು ಈಗ ಹಲವು ವಿಜ್ಞಾನಿಗಳು ಹೇಳುತ್ತಾರೆ. ಪಟ್ಟೆ ಕಂಡರೆ ನೊಣಕ್ಕೆ ಕೂರುವ ಜಾಗದ ಅಂದಾಜು ತಪ್ಪುತ್ತದಂತೆ. ಜಪಾನಿನಲ್ಲಿ ಕಪ್ಪು ಹಸುಗಳಿಗೆ ಬಿಳಿ ಪಟ್ಟೆ ಬಳಿದು ನೋಡಿದರು. ನೊಣದ ಕಾಟ ಅರ್ಧಕ್ಕೆ ಇಳಿಯಿತು. ನಮ್ಮ ಹಳ್ಳಿಯ ಹಸುಗಳಿಗೂ ಮಾಡಿ ನೋಡಬಹುದೇನೋ!

ನೀರಾನೆಯ ಕೊಳದ ಹತ್ತಿರ ವಾಸನೆ ಸ್ವಲ್ಪ ಜೋರು, ಆದರೂ ನಿಲ್ಲಿ. ಗ್ರೀಕರು ಇದನ್ನು ನದಿಯ ಕುದುರೆ ಎಂದು ಕರೆದರು, ಇಂಗ್ಲಿಷಿನ ಹಿಪ್ಪೊಪೊಟಮಸ್‌ಗೆ ಅದೇ ಅರ್ಥ. ನಾವು ನೀರಾನೆ ಅಂದೆವು. ನಿಜ ನೋಡಿದರೆ ಇದು ಕುದುರೆಯೂ ಅಲ್ಲ, ಆನೆಯೂ ಅಲ್ಲ. ಈಗ ಬದುಕಿರುವ ಪ್ರಾಣಿಗಳಲ್ಲಿ ಇದರ ಅತಿ ಹತ್ತಿರದ ಸಂಬಂಧಿಕರು ಸಮುದ್ರದ ತಿಮಿಂಗಿಲಗಳು! ಆಫ್ರಿಕಾದ ಬಿಸಿಲಿಗೆ ಚರ್ಮ ಸುಡದಂತೆ ಇದರ ಮೈಯಿಂದ ಅಂಟಾದ ಕೆಂಪು ದ್ರವ ಒಸರುತ್ತದೆ. ಹಿಂದಿನವರು ಅದನ್ನು ರಕ್ತದ ಬೆವರು ಅಂದುಕೊಂಡಿದ್ದರು. ಅದು ರಕ್ತವೂ ಅಲ್ಲ, ಬೆವರೂ ಅಲ್ಲ. ಬಿಸಿಲು ತಡೆಯುವ ಕ್ರೀಮು, ಗಾಯ ಕೀವಾಗದಂತೆ ನೋಡಿಕೊಳ್ಳುವ ಮುಲಾಮು, ಎರಡೂ ಒಂದರಲ್ಲೇ. ದಿನವೆಲ್ಲ ನೀರಿನಲ್ಲಿದ್ದರೂ ಅದು ನಿಜವಾಗಿ ಈಜುವುದಿಲ್ಲ. ಕೆಳಗೆ ನೆಲದ ಮೇಲೆ ಕಾಲೂರಿ ನಡೆಯುತ್ತದೆ. ನಿದ್ದೆಯಲ್ಲೂ ಉಸಿರು ಬೇಕಾದಾಗ ತಾನಾಗಿ ಮೇಲೆ ಬಂದು, ಉಸಿರೆಳೆದು, ಎಚ್ಚರವಾಗದೆ ಮತ್ತೆ ಮುಳುಗುತ್ತದೆ. ನಾವು ನಿಂತಾಗ ಬರೀ ಎರಡು ಕಿವಿ, ಎರಡು ಮೂಗಿನ ಹೊಳ್ಳೆ ಕಂಡವು. ಕಾಲು ಗಂಟೆ ಕಾದ ಮೇಲೆ ಬಾಯಿ ತೆರೆಯಿತು. ಮೊಮ್ಮಗ ಎರಡು ಹೆಜ್ಜೆ ಹಿಂದೆ ಸರಿದು ನನ್ನ ಪಂಚೆ ಹಿಡಿದುಕೊಂಡ.

ಚೀತಾ ನೋಡಿ “ಚಿರತೆ!” ಎಂದು ಸುತ್ತಲಿನವರೆಲ್ಲ ಹೇಳುತ್ತಿದ್ದರು. ಚಿರತೆ ಬೇರೆ, ಚೀತಾ ಬೇರೆ. ಗುರುತು ಸುಲಭ. ಕಣ್ಣಿನ ಒಳತುದಿಯಿಂದ ಬಾಯಿಯವರೆಗೆ ಕಾಡಿಗೆ ಇಳಿದಂತೆ ಕಪ್ಪು ಗೆರೆ ಇದ್ದರೆ ಚೀತಾ. ಚಿರತೆಗೆ ಆ ಗೆರೆಯಿಲ್ಲ. ಓಟ ಗಂಟೆಗೆ ನೂರು ಕಿಲೋಮೀಟರಿನ ಆಸುಪಾಸು, ಆದರೆ ಕೆಲವು ನೂರು ಮೀಟರು ಮಾತ್ರ, ಆಮೇಲೆ ಸುಸ್ತು. ಅದಕ್ಕೇ ಅದಕ್ಕೆ ದಟ್ಟ ಕಾಡು ಬೇಡ, ಬಯಲು ಬೇಕು. ಇಷ್ಟು ದೊಡ್ಡ ಬೇಟೆಗಾರ ಹುಲಿ ಸಿಂಹಗಳಂತೆ ಗರ್ಜಿಸಲಾರ. ಹಕ್ಕಿಯ ಹಾಗೆ ಚಿಂವ್ ಅನ್ನುತ್ತಾನೆ, ಬೆಕ್ಕಿನ ಹಾಗೆ ಗುರುಗುಡುತ್ತಾನೆ.

ಬೋರ್ಡಿನಲ್ಲಿ ಆಫ್ರಿಕಾ ಎಂದಿದ್ದರೂ ಈ ಪ್ರಾಣಿಯ ಹೆಸರು ನಮ್ಮದು. ಸಂಸ್ಕೃತದ ‘ಚಿತ್ರ’ ಎಂಬ ಪದದಿಂದ ಬಂದದ್ದು, ಮೈಮೇಲೆ ಚಿತ್ತಾರವಿರುವುದು ಎಂದರ್ಥ. ಒಂದು ಕಾಲಕ್ಕೆ ಭಾರತದ ಬಯಲುಗಳಲ್ಲೂ ಚೀತಾಗಳಿದ್ದವು. ರಾಜರು ಅವನ್ನು ಪಳಗಿಸಿ ಜಿಂಕೆ ಬೇಟೆಗೆ ಬಿಡುತ್ತಿದ್ದರು. ಬೇಟೆಯಾಡಿದೆವು, ಹಿಡಿದೆವು, ಬಯಲನ್ನೆಲ್ಲ ಉತ್ತೆವು. 1952ರಲ್ಲಿ ಭಾರತದಲ್ಲಿ ಚೀತಾ ಇನ್ನಿಲ್ಲ ಎಂದು ಸರ್ಕಾರವೇ ಘೋಷಿಸಿತು. ಅಂದಿನಿಂದ ಎಪ್ಪತ್ತು ವರ್ಷದ ಮೇಲೆ, 2022ರ ಸೆಪ್ಟೆಂಬರ್‌ನಲ್ಲಿ, ನಮೀಬಿಯಾದಿಂದ ಎಂಟು ಚೀತಾಗಳನ್ನು ವಿಮಾನದಲ್ಲಿ ತಂದು ಮಧ್ಯಪ್ರದೇಶದ ಕುನೋ ಕಾಡಿಗೆ ಬಿಟ್ಟರು. ಅಕೌಂಟು ಕ್ಲೋಸ್ ಮಾಡುವುದು ಸುಲಭ, ಮತ್ತೆ ತೆರೆಯುವಾಗಲೇ ನೂರೆಂಟು ಕಾಗದ ಬೇಕಾಗುವುದು.

ಮೃಗಾಲಯಗಳ ನಡುವೆ ಪ್ರಾಣಿಗಳ ವಿನಿಮಯ ನಡೆಯುತ್ತದೆ. ನಮ್ಮಲ್ಲಿ ಹೆಚ್ಚಿರುವುದನ್ನು ಕೊಟ್ಟು, ಅವರಲ್ಲಿ ಹೆಚ್ಚಿರುವುದನ್ನು ತರುವುದು. ನಮ್ಮ ಕಾಲದ ಬ್ಯಾಂಕ್ ನೌಕರರ ವರ್ಗಾವಣೆಯಂತೆ ಎಂದು ಮಕ್ಕಳಿಗೆ ಹೇಳಿದೆ. ನಾವಾದರೋ ಲಾರಿಗೆ ಸಾಮಾನು ಹೇರಿ ಹೆಂಡತಿ ಮಕ್ಕಳ ಸಮೇತ ಹೋಗುತ್ತಿದ್ದೆವು. ಪೊಲೊ ಎಂಬ ಗೊರಿಲ್ಲಾಗೆ ಆ ಭಾಗ್ಯವಿರಲಿಲ್ಲ. ಐರ್‌ಲೆಂಡಿನ ಡಬ್ಲಿನ್ ಮೃಗಾಲಯದಿಂದ 1995ರಲ್ಲಿ ಮೈಸೂರಿಗೆ ಬಂದ ಅದು ಬಹಳ ವರ್ಷ ಇಡೀ ಭಾರತದಲ್ಲಿ ಇದ್ದ ಒಂದೇ ಒಂದು ಗೊರಿಲ್ಲಾ ಆಗಿತ್ತು. ಗೊರಿಲ್ಲಾಗಳು ಕೂಡುಕುಟುಂಬದವು. ಬೆನ್ನು ಬೆಳ್ಳಗಾದ ಹಿರಿಯ ಗಂಡಿನ ಸುತ್ತ ತಾಯಂದಿರು, ಮರಿಗಳು ಒಟ್ಟಿಗೆ ಓಡಾಡುತ್ತಾರೆ. ನಾನು ಪೊಲೊವನ್ನು ನೋಡಿದ್ದೇನೆ. ಜನರಿಗೆ ಬೆನ್ನು ತಿರುಗಿಸಿ ಕೂತಿತ್ತು. ಕೆಲವರು ಅದನ್ನು ತಿರುಗಿಸಲು ಸೀಟಿ ಹಾಕುತ್ತಿದ್ದರು. 2014ರಲ್ಲಿ ಅದು ತೀರಿಕೊಂಡಿತು. 2021ರಲ್ಲಿ ಜರ್ಮನಿಯಿಂದ ಥಾಬೊ, ಡೆಂಬಾ ಎಂಬ ಎರಡು ಗಂಡು ಗೊರಿಲ್ಲಾಗಳು ಬಂದವು. ಎರಡು ಬಂದವು ಎಂಬುದೇ ನನಗೆ ಸಂತೋಷದ ಸುದ್ದಿ.

ಗೊರಿಲ್ಲಾ ಎದೆ ಬಡಿದುಕೊಳ್ಳುವುದನ್ನು ನೀವು ಕಾರ್ಟೂನಿನಲ್ಲಿ ನೋಡಿರುತ್ತೀರಿ. ಅದು ಮುಷ್ಟಿ ಕಟ್ಟಿ ಬಡಿಯುವುದಿಲ್ಲ, ಅಂಗೈಯನ್ನು ಬಟ್ಟಲಿನಂತೆ ಮಾಡಿ ಬಡಿಯುತ್ತದೆ. ತಬಲದಂತೆ ದೂರ ಕೇಳಲಿ ಎಂದು. ಹೆದರಿಸುವ ಮೈಕಟ್ಟಿನ ಈ ಪ್ರಾಣಿಯ ಊಟ ಸೊಪ್ಪು, ಕಾಂಡ, ಹಣ್ಣು, ಜೊತೆಗೆ ಒಂದಿಷ್ಟು ಗೆದ್ದಲು, ಇರುವೆ. ನಮ್ಮ ಬೆರಳಚ್ಚಿನಂತೆ ಒಂದೊಂದು ಗೊರಿಲ್ಲಾದ ಮೂಗಿನ ಗೆರೆಗಳೂ ಬೇರೆ ಬೇರೆ. ಕಾಡಿನಲ್ಲಿ ಅಧ್ಯಯನ ಮಾಡುವವರು ಮೂಗಿನ ಚಿತ್ರ ಬರೆದಿಟ್ಟುಕೊಂಡು ಗುರುತು ಹಿಡಿಯುತ್ತಾರೆ.

ಅಲ್ಲಿ ಮೊಮ್ಮಗಳು ಮತ್ತೆ ಕೇಳಿದಳು, “ಇವುಕ್ಕೆಲ್ಲ ಮನೆಗೆ ಹೋಗ್ಬೇಕು ಅನ್ಸಲ್ವಾ ತಾತ?” ಅವಳಿಗೆ ನಾನು ಹೇಳಿದ್ದು ಇಷ್ಟು. ಈಗ ಮೃಗಾಲಯಗಳಲ್ಲಿರುವ ಇಂಥ ಎಷ್ಟೋ ಪ್ರಾಣಿಗಳು ಮೃಗಾಲಯದಲ್ಲೇ ಹುಟ್ಟಿದವು. ನೀನು ಬೆಂಗಳೂರಲ್ಲಿ ಹುಟ್ಟಿ “ನಮ್ಮೂರು ಹಾಸನದ ಹತ್ತಿರ” ಅಂತೀಯಲ್ಲ, ಹಾಗೆ. ಬೋರ್ಡಿನಲ್ಲಿರುವುದು ಅದರ ಅಜ್ಜ ಅಜ್ಜಿಯರ ಊರು. ಇದಕ್ಕೆ ಆ ಕಾಡು ಗೊತ್ತಿಲ್ಲ, ಆದರೆ ಇದರ ಮೈಗೆ ಗೊತ್ತಿದೆ. ಮೈಸೂರಿನಲ್ಲೇ ಹುಟ್ಟಿದ ಜಿರಾಫೆಗೂ ಆಫ್ರಿಕಾದ ಮುಳ್ಳಿನ ಮರಕ್ಕೆ ತಕ್ಕ ನಾಲಿಗೆಯೇ ಇರುತ್ತದೆ. ಅವಳು “ಹ್ಞೂಂ” ಅಂದಳು. ಪೂರ್ತಿ ಒಪ್ಪಿದ ಹ್ಞೂಂ ಅಲ್ಲ.

ಸಿಂಗಳೀಕದ ಮುಂದೆ ಜನವೇ ಇರಲಿಲ್ಲ. “ಬರೀ ಕೋತಿ ಕಣೋ, ಬಾ” ಎಂದು ಒಬ್ಬರು ಮಗನನ್ನು ಎಳೆದುಕೊಂಡು ಹೋದರು. ಕರಾರಿನಂತೆ ಮೊಮ್ಮಗ ಬೋರ್ಡು ಓದಿದ. ಪಶ್ಚಿಮ ಘಟ್ಟ. ನಮ್ಮ ಕರ್ನಾಟಕ, ಕೇರಳ, ತಮಿಳುನಾಡಿನ ಘಟ್ಟದ ಕಾಡು. ಇಡೀ ಭೂಮಿಯ ಮೇಲೆ ಇದಕ್ಕೆ ಬೇರೆ ಊರಿಲ್ಲ. ಜಿರಾಫೆಗೆ ಹಲವು ದೇಶಗಳಿವೆ, ಇದಕ್ಕೆ ಇಷ್ಟೇ. ಕಾಡಿನಲ್ಲಿ ಉಳಿದಿರುವುದು ನಾಲ್ಕು ಸಾವಿರದ ಆಸುಪಾಸು ಎಂದು ಅಂದಾಜು. ಒಂದು ಕ್ರಿಕೆಟ್ ಸ್ಟೇಡಿಯಮ್ಮಿನ ಒಂದು ಮೂಲೆಗೂ ಸಾಲದು.

ಕಪ್ಪು ಮೈ, ಮುಖದ ಸುತ್ತ ಬೆಳ್ಳಿ ಬಣ್ಣದ ಕೇಸರ, ಸಿಂಹದ ಬಾಲದಂತೆ ತುದಿಯಲ್ಲಿ ಕುಚ್ಚು. ಮರದಿಂದ ಇಳಿಯುವುದೇ ಅಪರೂಪ, ಕೊಂಬೆಯಿಂದ ಕೊಂಬೆಗೇ ಇದರ ಸಂಸಾರ. ಹಾಗಾಗಿ ಕಾಡಿನ ನಡುವೆ ಅಗಲವಾದ ರಸ್ತೆಯೋ, ತೋಟವೋ, ತಂತಿಯ ಸಾಲೋ ಬಂದು ಕೊಂಬೆಗಳು ಒಂದನ್ನೊಂದು ಮುಟ್ಟದಂತಾದರೆ ಇದಕ್ಕೆ ಆಚೆಗಿನ ಕಾಡು ಬೇರೆ ದೇಶವಾಗಿಬಿಡುತ್ತದೆ. ಕೇರಳದ ಸೈಲೆಂಟ್ ವ್ಯಾಲಿಯಲ್ಲಿ ಅಣೆಕಟ್ಟು ಬೇಡವೆಂದು ಚಳವಳಿ ನಡೆದಾಗ ಈ ಸಿಂಗಳೀಕದ ಹೆಸರೇ ಮುಂದಿತ್ತು. ಅಣೆಕಟ್ಟು ನಿಂತಿತು, ಕಾಡು ಉಳಿಯಿತು. ನಮ್ಮಲ್ಲೂ 2019ರಲ್ಲಿ ಶರಾವತಿ ಕಣಿವೆಯಲ್ಲಿ ಸಿಂಗಳೀಕದ ಹೆಸರಿನಲ್ಲೇ ಒಂದು ಅಭಯಾರಣ್ಯ ಘೋಷಣೆಯಾಗಿದೆ.

ಒಂದು ಸಿಂಗಳೀಕ ಕೂತು ತಿನ್ನುತ್ತಿತ್ತು. ತಿನ್ನುವುದಕ್ಕಿಂತ ಹೆಚ್ಚು ಕೆನ್ನೆಯ ಚೀಲದಲ್ಲಿ ತುಂಬಿಕೊಳ್ಳುತ್ತಿತ್ತು. ಆಮೇಲೆ ನಿಧಾನವಾಗಿ ತಿನ್ನಲು. “ಎಫ್.ಡಿ. ಇಡ್ತಿದೆ” ಅಂದೆ. ಮೊಮ್ಮಗ ಚಕ್ಕುಲಿ ತುಂಬಿದ ಬಾಯಲ್ಲೇ ನಕ್ಕ. ಇಬ್ಬರೂ ಅಲ್ಲಿಂದ ಏಳಲು ಅರ್ಧ ಗಂಟೆ ಬೇಕಾಯಿತು.

ಹೋಗುವವರಿಗೆ ಕೆಲವು ಸೂಚನೆ. ಮೃಗಾಲಯ ಬೆಳಿಗ್ಗೆ ಎಂಟೂವರೆಗೆ ತೆರೆಯುತ್ತದೆ, ಆಗಲೇ ಹೋಗಿ. ಬಿಸಿಲೇರಿದ ಮೇಲೆ ಪ್ರಾಣಿಗಳೂ ನಮ್ಮಂತೆಯೇ ಮಲಗುತ್ತವೆ. ತಿಂಡಿ ಹಾಕಬೇಡಿ, ಸೀಟಿ ಬೇಡ. ಇಷ್ಟವಾದ ಪ್ರಾಣಿಯ ಊಟದ ಖರ್ಚು ಕೊಟ್ಟು ಅದನ್ನು ದತ್ತು ತೆಗೆದುಕೊಳ್ಳುವ ವ್ಯವಸ್ಥೆಯೂ ಅಲ್ಲಿದೆ, ಕಚೇರಿಯಲ್ಲಿ ವಿಚಾರಿಸಿ. ಮಂಗಳವಾರ ರಜೆ.