ಗುಟ್ಟು ಬಯಲಾದ ಬಗೆ

ಸಕ್ಕರೆ ರೋಗವು ನಮಗೆ ತಗುಲಿದ ಸಂಗತಿಯನ್ನು ಮನೆಯಲ್ಲಿ ಮುಚ್ಚಿಟ್ಟಿದ್ದೆವು. ಒಂದು ರಾತ್ರಿ, ಎಲ್ಲರೂ ಮಲಗಿದ ಬಳಿಕ, ಅದರ ಪಥ್ಯವೇನೆಂದು ಮೊಬೈಲಿನಲ್ಲಿ ಹುಡುಕಿದೆವು. ಮರುದಿನ ಮೈಲೂರಿನ ನಮ್ಮ ಪಡಸಾಲೆಯಲ್ಲಿ ಮೊಮ್ಮಗಳು ಅದೇ ಮೊಬೈಲಿನಲ್ಲಿ ಹಾಡು ಕೇಳುತ್ತಿರಲು, ರಕ್ತದ ಸಕ್ಕರೆಯನ್ನಳೆಯುವ ಯಂತ್ರದ ಜಾಹೀರಾತುಗಳು ಒಂದರ ಹಿಂದೊಂದು ಮೂಡತೊಡಗಿದವು.

"ಮುತ್ಯಾ, ನಿಮಗ ಶುಗರ್ ಅದೇನು?" ಎಂದಳು.

ಬಾಗಿಲಲ್ಲಿ ನಿಂತಿದ್ದ ನಮ್ಮ ಮನೆಯಾಕೆಯ ಮೋರೆ ಬಾಡಿತು. ನಾವು ಹೇಳಬೇಕಾಗಿದ್ದುದನ್ನು ಯಾರೋ ವರ್ತಕನು ಹೇಳಿಬಿಟ್ಟಿದ್ದನು.

ನಾವು ಹುಡುಕಿದ ಪದ, ತೆರೆದ ಪುಟ ಇವೆಲ್ಲವನ್ನೂ ಕೂಡಿಟ್ಟು, ನಮ್ಮ ಕಣ್ಣೆದುರಿನ ಜಾಗವನ್ನು ವ್ಯಾಪಾರಿಗಳಿಗೆ ಕ್ಷಣಾರ್ಧದಲ್ಲಿ ಹರಾಜು ಹಾಕುವ ಏರ್ಪಾಡಿದು. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರು ಹೂಡಿದ ಮೊಕದ್ದಮೆಯಲ್ಲಿ, ಖಾಸಗಿತನವು ಮೂಲಭೂತ ಹಕ್ಕೆಂದು ಸುಪ್ರೀಂ ಕೋರ್ಟಿನ 9 ಮಂದಿ ನ್ಯಾಯಮೂರ್ತಿಗಳು 2017ರಲ್ಲಿ ಒಮ್ಮತದಿಂದ ಸಾರಿದರು. 2023ರ ಕಾಯಿದೆಯೂ ಜನರ ಸಮ್ಮತಿಯನ್ನೇ ಪ್ರಧಾನವಾಗಿರಿಸಿದೆ.

ಆದರೆ ಸಮ್ಮತಿಯನ್ನು ಕೊಟ್ಟವರಾರು? ಓದದೆ ಸಹಿ ಹಾಕಬೇಡಿರೆಂದು ಮೂವತ್ತು ವರ್ಷ ಮಕ್ಕಳಿಗೆ ಬೋಧಿಸಿದ ನಾವೇ, "ಒಪ್ಪಿದೆ" ಎಂಬ ಗುಂಡಿಯನ್ನು ಓದದೆ ಒತ್ತಿದ್ದೆವು.

ಅಂದು ಸಂಜೆ ಮನೆಯಾಕೆಯು ನಮ್ಮ ಚಹಕ್ಕೆ ಸಕ್ಕರೆ ಹಾಕಲಿಲ್ಲ, ಮಾತನ್ನೂ ಆಡಲಿಲ್ಲ.