ಬಾಕ್ಸ್ ಎಣಿಸಿದರೆ ಸಾಲದು, ಓಂ ಎಣಿಸಬೇಕು

ಪುಣೆಯಲ್ಲಿ ಗಣಪತಿ ಹಬ್ಬ ಹತ್ತಿರ ಬಂತೆಂದರೆ ಬುಧವಾರ ಪೇಟೆಯ ತಪಕೀರ್ ಗಲ್ಲಿಯಲ್ಲಿ ಕಾಲಿಡಲು ಜಾಗ ಇರುವುದಿಲ್ಲ. ದೀಪದ ಸರ, ವೈರು, ಸ್ಪೀಕರ್, ಆಂಪ್ಲಿಫೈಯರ್... ಮಂಡಳಗಳ ಹುಡುಗರು ಕೇಳುವುದು ಎರಡೇ ಪ್ರಶ್ನೆ: ಎಷ್ಟು ವ್ಯಾಟ್? ಎಷ್ಟು ರೇಟು? ‘ಎಷ್ಟು ಓಂ?’ ಅಂತ ಕೇಳುವವರು ಕಡಿಮೆ. ನನ್ನನ್ನು ಕೇಳಿದರೆ, ಮೊದಲು ಕೇಳಬೇಕಾದ್ದೇ ಅದು.

ಓಂ ಅಂದ ಕೂಡಲೇ ಶಾಲೆಯ ಫಿಸಿಕ್ಸ್ ಮೇಷ್ಟ್ರು ನೆನಪಾಗಿ ಗಾಬರಿಯಾಗಬೇಡಿ. ನಮ್ಮೂರ ಕೆರೆಯ ತೂಬು ನೆನೆಸಿಕೊಳ್ಳಿ, ಸಾಕು. ಒಂದು ತೂಬು ತೆಗೆದರೆ ಒಂದಿಷ್ಟು ನೀರು. ಪಕ್ಕದ್ದನ್ನೂ ತೆಗೆದರೆ ಅದರ ಎರಡರಷ್ಟು. ಸ್ಪೀಕರೂ ಹಾಗೇ. ಒಂದು 8 ಓಂ ಬಾಕ್ಸಿನ ಪಕ್ಕಕ್ಕೆ ಇನ್ನೊಂದನ್ನು ಪ್ಯಾರಲಲ್ ಆಗಿ ಜೋಡಿಸಿದರೆ ಒಟ್ಟು 16 ಆಗುವುದಿಲ್ಲ, 4 ಆಗುತ್ತದೆ. ನಾಲ್ಕು ಜೋಡಿಸಿದರೆ 2. ಬಾಕ್ಸ್ ಹೆಚ್ಚಿದಂತೆ ತಡೆ ಇಳಿಯುತ್ತದೆ, ಕರೆಂಟ್ ಏರುತ್ತದೆ. ಆಂಪ್ಲಿಫೈಯರ್ 20 ವೋಲ್ಟ್ ಕೊಡುತ್ತಿದೆ ಅನ್ನಿ. 8 ಓಮಿಗೆ ಹರಿಯುವುದು ಎರಡೂವರೆ ಆಂಪಿಯರ್, 50 ವ್ಯಾಟ್. 4 ಓಮಿಗೆ 5 ಆಂಪಿಯರ್, 100 ವ್ಯಾಟ್. 2 ಓಮಿಗೆ 10 ಆಂಪಿಯರ್, 200 ವ್ಯಾಟ್. ಹಿಂಭಾಗದಲ್ಲಿ ‘ಕನಿಷ್ಠ 4 ಓಂ’ ಅಂತ ಬರೆದಿದ್ದರೆ, ಅದು ಸುಮ್ಮನೆ ಬರೆದದ್ದಲ್ಲ. ಅದಕ್ಕಿಂತ ಇಳಿದರೆ ಒಳಗಿನ ಟ್ರಾನ್ಸಿಸ್ಟರುಗಳು ಕಾಯುತ್ತವೆ. ರಕ್ಷಣಾ ಸರ್ಕ್ಯೂಟ್ ಇದ್ದರೆ ಸದ್ದು ನಿಂತುಹೋಗುತ್ತದೆ, ಇಲ್ಲದಿದ್ದರೆ ಹೊಗೆ.

ಕಳೆದ ರಾಜ್ಯೋತ್ಸವಕ್ಕೆ ನಮ್ಮ ಸೊಸೈಟಿ ಹಾಲಿಗೆ ಮೈಕ್ ಸೆಟ್ ತಂದವನು ವಿಜಯಪುರದ ಕಡೆಯ ಹುಡುಗ. ಎರಡು ಬಾಕ್ಸ್ ಇಟ್ಟಿದ್ದ. ಕಾರ್ಯಕ್ರಮದ ಹುರುಪಿನಲ್ಲಿದ್ದ ನಮ್ಮ ಹುಡುಗರು ಇನ್ನೆರಡನ್ನು ಎಲ್ಲಿಂದಲೋ ಹೊತ್ತು ತಂದರು, “ಇವನ್ನೂ ಸಿಗಿಸು” ಅಂತ. ಅವನು ಒಪ್ಪಲಿಲ್ಲ. ಜಿಪುಣ ಅಂತ ಇವರಿಗೆ ಸಿಟ್ಟು. ನಾನು ಪಕ್ಕಕ್ಕೆ ಕರೆದು ಕೇಳಿದಾಗ ಹೇಳಿದ: “ಎಲ್ಲಾರೂ ಬಾಕ್ಸ್ ಎಣಿಸ್ತಾರ್ರೀ ಕಾಕಾ, ಓಮ್ ಯಾರೂ ಎಣಿಸಂಗಿಲ್ಲ.” ಹಿಂದೊಮ್ಮೆ ಒಂದು ಮಂಡಳದವರು ಹೀಗೇ ಒತ್ತಾಯ ಮಾಡಿ ಸಿಗಿಸಿ, ನಡುರಾತ್ರಿ ಆಂಪ್ಲಿಫೈಯರ್ ಸುಟ್ಟು, ಮೇಲಿಂದ ಬಾಡಿಗೆಯನ್ನೂ ಮುರಿದುಕೊಂಡಿದ್ದರಂತೆ. ನಮಗೆ ಅದೊಂದು ಕಬ್ಬಿಣದ ಪೆಟ್ಟಿಗೆ. ಅವನಿಗೆ ಅದೇ ಹೊಲ, ಅದೇ ಎತ್ತು. ಹಬ್ಬದ ದಿನಗಳಲ್ಲಿ ಅದು ಕೂತರೆ ಮನೆಗೆ ದುಡ್ಡು ಕಳಿಸುವುದು ಎಲ್ಲಿಂದ?

ಹಾಗಂತ ನಾಲ್ಕು ಬಾಕ್ಸ್ ಇಡಲೇಬಾರದು ಅಂತಲ್ಲ. ನಾಲ್ಕೂ ಒಂದೇ ಥರದ 8 ಓಮಿನವಾಗಿದ್ದರೆ, ಎರಡೆರಡನ್ನು ಸಾಲಾಗಿ, ಅಂದರೆ ಸೀರೀಸಿನಲ್ಲಿ, ಜೋಡಿಸಿ. ಒಂದೊಂದು ಜೋಡಿಗೆ 16 ಓಂ. ಆ ಎರಡು ಜೋಡಿಗಳನ್ನು ಪ್ಯಾರಲಲ್ ಮಾಡಿದರೆ ಮತ್ತೆ 8! ಆ ದಿನ ಕೊನೆಗೆ ಮಾಡಿದ್ದೂ ಹೀಗೆಯೇ. ಎರಡು ಬಾಕ್ಸ್ ಹಿಂದಿನ ಸಾಲಿನ ಹತ್ತಿರ ಹೋದವು, ಅಲ್ಲಿ ಕೂತ ಅಜ್ಜಿಯರಿಗೂ ಹಾಡು ಕೇಳಿಸಿತು. ವ್ಯಾಟ್ ಇಮ್ಮಡಿಯಾದರೆ ಏರುವುದು 3 ಡೆಸಿಬೆಲ್ ಅಷ್ಟೇ, ಸದ್ದು ಇಮ್ಮಡಿಯಾಗಿ ಕೇಳಿಸುವುದಿಲ್ಲ. ಕೇಳುವವರ ಹತ್ತಿರಕ್ಕೆ ಬಾಕ್ಸ್ ಒಯ್ಯುವುದೇ ಜಾಣತನ.

ಕಂಬಕ್ಕೆ ಕಟ್ಟುವ ಹಾರ್ನಿನ ಲೆಕ್ಕ ಬೇರೆ. ಮೈಕ್ ಸೆಟ್ಟಿನ ಆಂಪ್ಲಿಫೈಯರಿನ ಹಿಂದೆ 4, 8, 16 ಓಂ ಜೊತೆಗೆ ‘100 ವೋಲ್ಟ್’ ಅಂತಲೂ ಒಂದು ಟರ್ಮಿನಲ್ ಇರುತ್ತದೆ. ಲೈನ್ ಟ್ರಾನ್ಸ್‌ಫಾರ್ಮರ್ ಇರುವ ಹಾರ್ನುಗಳನ್ನು ಅದಕ್ಕೆ ಕೊಟ್ಟರೆ ಓಂ ಮರೆತು ವ್ಯಾಟ್ ಕೂಡಿಸುತ್ತಾ ಹೋದರಾಯಿತು, ಮೊತ್ತ ಆಂಪ್ಲಿಫೈಯರಿನ ವ್ಯಾಟ್ ಮೀರಬಾರದು ಅಷ್ಟೇ. ಆದರೆ ಅದೇ ಟರ್ಮಿನಲ್ಲಿಗೆ ಬರೀ 8 ಓಮಿನ ಬಾಕ್ಸ್ ಸಿಗಿಸಿದರೆ? ಪೂರ್ತಿ 100 ವೋಲ್ಟಿಗೆ ಅದು ಎಳೆಯಲು ನೋಡುವುದು 1250 ವ್ಯಾಟ್!

ಹಳಬರು ಒಂದು ಮಾತು ಹೇಳುತ್ತಾರೆ: ಸ್ಪೀಕರ್ ಸಿಗಿಸದೆ ಆಂಪ್ಲಿಫೈಯರ್ ಹಚ್ಚಬೇಡ. 1953ರಲ್ಲಿ ಭೀಮಸೇನ ಜೋಶಿಯವರು ಗುರು ಸವಾಯಿ ಗಂಧರ್ವರ ನೆನಪಿಗೆ ಇದೇ ಪುಣೆಯಲ್ಲಿ ಸಂಗೀತೋತ್ಸವ ಶುರು ಮಾಡಿದಾಗ ಆಂಪ್ಲಿಫೈಯರ್ ಅಂದರೆ ವಾಲ್ವಿನದು. ವಾಲ್ವಿನದಕ್ಕೆ ಆ ಮಾತು ನಿಜ. ಲೋಡ್ ಇಲ್ಲದೆ ಹಾಡಿಸಿದರೆ ಔಟ್‌ಪುಟ್ ಟ್ರಾನ್ಸ್‌ಫಾರ್ಮರಿನಲ್ಲಿ ವೋಲ್ಟೇಜ್ ಚಿಮ್ಮಿ ಅದೇ ಸುಡಬಹುದು. ಗಿಟಾರ್ ಹುಡುಗರ ವಾಲ್ವ್ ಹೆಡ್ಡುಗಳಿಗೆ ಇವತ್ತಿಗೂ ಅದೇ ನಿಯಮ. ಕ್ಯಾಬಿನೆಟ್ 8 ಓಮಿನದಾದರೆ ಹೆಡ್ಡಿನ ಸ್ವಿಚ್ಚೂ 8ರಲ್ಲೇ ಇರಬೇಕು. ಟ್ರಾನ್ಸಿಸ್ಟರಿನದಕ್ಕೆ ಖಾಲಿ ಇರುವುದರ ಭಯ ಸಾಮಾನ್ಯವಾಗಿ ಇಲ್ಲ, ಅದಕ್ಕಿರುವುದು ಅತಿ ಭಾರದ ಭಯ.

ಮಲ್ಟಿಮೀಟರ್ ಹಿಡಿದರೆ 8 ಓಮಿನ ಸ್ಪೀಕರ್ 6ರ ಆಸುಪಾಸು ತೋರಿಸುತ್ತದೆ. ಗಾಬರಿ ಬೇಡ, ಅದು ಬರೀ ತಂತಿಯ ತಡೆ. ಸ್ಪೀಕರಿನ ಬೆನ್ನ ಮೇಲಿನ ಅಂಕಿಯನ್ನೇ ನಂಬಿ. ಮುಂದಿನ ಹಬ್ಬಕ್ಕೆ ಮೈಕ್ ಹುಡುಗ ‘ಬ್ಯಾಡ್ರೀ’ ಅಂದರೆ, ಬೈಯುವ ಮೊದಲು ಟಾರ್ಚ್ ಹಿಡಿದು ಆಂಪ್ಲಿಫೈಯರಿನ ಹಿಂದೆ ಒಮ್ಮೆ ಓದಿ ನೋಡಿ.