ಅರವತ್ತಮೂರರ ಮಗ್ಗಿ

ಹೊರದೇಶಕ್ಕೆ ಓದೋಕೆ ಹೋದವರು ಕೊನೆಯ ವಾರದಲ್ಲಿ ಓದೋದು ಬಿಟ್ಟು ಮಿಕ್ಕಿದ್ದೆಲ್ಲ ಮಾಡ್ತಾರೆ. 2011ರಲ್ಲಿ ಬಿಇ ಆರನೇ ಸೆಮಿಸ್ಟರ್ ಮುಗಿಸಿ, ಎಂಟು ವಾರದ ಪ್ರಾಜೆಕ್ಟಿಗೆ ಅಂತ ಜರ್ಮನಿಯ ಕಾರ್ಲ್ಸ್‌ರೂಹೆಗೆ ಹೋಗಿದ್ದೆ. ಅವರಿಗೆ ಅದು ಬೇಸಿಗೆ, ನಮಗೆ ಮಳೆಗಾಲ. ಏಳು ವಾರ ಲ್ಯಾಬಲ್ಲಿ ಕೋಡ್ ಬರೆದೆ. ಎಂಟನೇ ವಾರ ಪೂರ್ತಿ ಲೆಕ್ಕ ಚುಕ್ತಾ ಮಾಡೋದರಲ್ಲೇ ಹೋಯ್ತು.

ಆಗ ಯೂರೋಗೆ 63 ರೂಪಾಯಿ ಆಸುಪಾಸು. ಬ್ರೆಡ್ಡು, ಟ್ರಾಮ್ ಟಿಕೆಟ್ಟು, ಒಂದು ಲೋಟ ಕಾಫಿ, ಏನು ಕಂಡರೂ ತಲೆಯೊಳಗೆ 63ರ ಮಗ್ಗಿ ಓಡೋದು. ಕಟಿಂಗ್ ರೇಟನ್ನ ಒಂದ್ಸಲ ಗುಣಿಸಿ ನೋಡಿದವನು ಎಂಟು ವಾರ ಕೂದಲಿಗೆ ಕತ್ತರಿ ಹಾಕಿಸಲಿಲ್ಲ. ಅಲ್ಲಿ ಪ್ಲಾಸ್ಟಿಕ್ ನೀರಿನ ಬಾಟ್ಲಿಗೆ 25 ಸೆಂಟ್ ಡಿಪಾಸಿಟ್ ಇರುತ್ತೆ, ಖಾಲಿ ಬಾಟ್ಲಿನ ಸೂಪರ್ ಮಾರ್ಕೆಟ್ಟಿನ ಮಷೀನಿಗೆ ಹಾಕಿದರೆ ಚೀಟಿ ಬರುತ್ತೆ. ಕೊನೆಯ ಸೋಮವಾರ ನಾವು ಐದು ಜನ ಮಂಚದ ಕೆಳಗಿಂದ ಎಳೆದು ಎಳೆದು 41 ಬಾಟ್ಲಿ ಹಾಕಿದ್ವಿ. 10.25 ಯೂರೋ, ಅಂದ್ರೆ 645 ರೂಪಾಯಿ! ನಮ್ಮೂರಲ್ಲಿ ಗುಜರಿಯವನು ಖಾಲಿ ಬಾಟ್ಲಿಗೆ ಎರಡು ಈರುಳ್ಳಿ ಕೊಟ್ಟು ಹೋಗ್ತಿದ್ದ.

ಹಾಸ್ಟೆಲ್ ಅಡುಗೆಮನೆಯಲ್ಲಿ ಒಂದು ಕುಕ್ಕರ್ ಇತ್ತು. ಯಾರು ತಂದಿದ್ದೋ ಯಾರಿಗೂ ಗೊತ್ತಿಲ್ಲ, ಇಂಡಿಯಾದಿಂದ ಬಂದವರಿಂದ ಬಂದವರಿಗೆ ಕೈ ಬದಲಾಗ್ತಾ ಬಂದಿತ್ತು. ಮೊದಲ ವಿಷಲ್ಲಿಗೆ ಪಕ್ಕದ ರೂಮಿನ ಜರ್ಮನ್ ಹುಡುಗ ಓಡಿ ಬಂದಿದ್ದ. ಅದನ್ನ ತೊಳೆದು, ಉಳಿದ ಸಾರಿನ ಪುಡಿ ಜೊತೆ, ಮಾಸ್ಟರ್ಸ್ ಮಾಡ್ತಿದ್ದ ಪುಣೆಯ ಹುಡುಗಿಗೆ ಒಪ್ಪಿಸಿದೆ. ಅವಳು ಮುಚ್ಚಳದ ರಬ್ಬರ್ ಎಳೆದು ನೋಡಿದಳು, ಮನೆ ಖಾಲಿ ಮಾಡೋವಾಗ ಓನರ್ ನಲ್ಲಿ ತಿರುಗಿಸಿ ನೋಡ್ತಾರಲ್ಲ, ಹಾಗೆ.

ಅಲ್ಲಿ ಊರಿಗೆ ಬಂದಾಗ ಹೆಸರು ಬರೆಸಿದ ಹಾಗೆ, ಬಿಡುವಾಗಲೂ ಆಫೀಸಿಗೆ ಹೋಗಿ ಬಿಡ್ತಿದೀನಿ ಅಂತ ಫಾರ್ಮ್ ತುಂಬಬೇಕು. ಹೊಸ ವಿಳಾಸ ಅನ್ನೋ ಕಡೆ ಬೀದಿಯ ಹೆಸರು, ಮನೆ ನಂಬರು ಕೇಳಿದ್ದರು. ತಿಪಟೂರು ತಾಲ್ಲೂಕಿನ ನಮ್ಮ ಹಳ್ಳಿಯಲ್ಲಿ ಬೀದಿಗೆ ಎಲ್ಲಿಯ ಹೆಸರು? ಅಪ್ಪನ ಹೆಸರು ಬರೆದರೆ ಪೋಸ್ಟು ಬರುತ್ತೆ. ಅದನ್ನೇ ಬರೆದೆ. ಕೌಂಟರಿನಾಕೆ ಓದಿ, ‘ಇದು ಬೀದಿನಾ?’ ಅಂದರು. ಹೌದು ಅಂದೆ.

ಅಪ್ಪನದು ಪ್ರತಿ ಫೋನಿನಲ್ಲೂ ಒಂದೇ ಪ್ರಶ್ನೆ: ‘ಅಲ್ಲಿ ಮಳೆ ಬಂತಾ?’ ಬರ್ತಿತ್ತು. ಬೇಡದಿದ್ದರೂ ಬರ್ತಿತ್ತು, ಲ್ಯಾಬಿನವರು ಅದನ್ನ ಬೈಕೊಂಡು ಓಡಾಡೋರು. ನಮ್ಮ ಕಡೆ ಮೋಡ ಬಂದು ಬಂದು ಹೋಗ್ತಿತ್ತು, ತೆಂಗಿನ ತೋಟದ ಬೋರು ಒಂದು ಗಂಟೆ ನೀರು ಕೊಟ್ಟು ಗಾಳಿ ಉಗಿಯೋಕೆ ಶುರು ಮಾಡಿತ್ತು. ‘ಬಂತಪ್ಪಾ’ ಅಂತಿದ್ದೆ. ‘ಬರ್ಲಿ ಬಿಡು, ಎಲ್ಲಾದ್ರೂ ಬರ್ಲಿ’ ಅನ್ನೋನು.

ಗುರುವಾರ ನನ್ನ ಗೈಡ್, ಪಿಎಚ್‌ಡಿ ಮಾಡ್ತಿದ್ದವರು, ಕೋಡನ್ನ ಸರ್ವರಿಗೆ ಹಾಕಿಸಿಕೊಂಡು ಮೇಲೆ ಕೇಳಿದರು: ‘ಮಾಸ್ಟರ್ಸ್‌ಗೆ ಇಲ್ಲಿಗೇ ಬರ್ತೀರಾ? ಪ್ರೊಫೆಸರ್ ಲೆಟರ್ ಕೊಡ್ತಾರೆ.’ ನಾನು ಥ್ಯಾಂಕ್ಸ್ ಹೇಳಿ ಸೀದಾ ರೂಮಿಗೆ ಬಂದು ಮಗ್ಗಿ ಶುರು ಮಾಡಿದೆ. ಆಗ ಆ ರಾಜ್ಯದಲ್ಲಿ ಸೆಮಿಸ್ಟರಿಗೆ 500 ಯೂರೋ ಫೀಸು. ಅದು ಹೋಗಲಿ ಅಂದ್ರೂ, ವೀಸಾಕ್ಕೆ ಒಂದು ವರ್ಷದ ಖರ್ಚು ಬ್ಯಾಂಕಲ್ಲಿ ತೋರಿಸಬೇಕು, ಹತ್ತಿರ ಹತ್ತಿರ 8000 ಯೂರೋ. ಐದು ಲಕ್ಷ. ಎರಡು ಬೋರಿನ ಸಾಲ ಇನ್ನೂ ಸೊಸೈಟಿಯಲ್ಲಿ ಹಾಗೇ ಇತ್ತು.

ಶನಿವಾರ ಲ್ಯಾಬಿನ ಕೆಲವರು ಪ್ಯಾರಿಸ್ಸಿಗೆ ಹೊರಟರು. ರೈಲಲ್ಲಿ ಮೂರು ಗಂಟೆ ಅಷ್ಟೆ, ಟಿಕೆಟ್ಟನ್ನ ಮಾತ್ರ ಗುಣಿಸಬಾರದು. ನಾವು ಐದು ಜನ ರಾಜ್ಯದೊಳಗೆ ದಿನವಿಡೀ ಓಡಾಡೋ ಒಂದೇ ಟಿಕೆಟ್ ತಗೊಂಡು ಕೇಲ್ ಅನ್ನೋ ಊರಿಗೆ ಹೋದ್ವಿ. ಜರ್ಮನಿ ಅಲ್ಲಿಗೆ ಮುಗಿಯುತ್ತೆ. ಮುಂದೆ ರೈನ್ ನದಿ, ಆಚೆ ದಡ ಫ್ರಾನ್ಸು. ನಡುವೆ 2004ರಲ್ಲಿ ಕಟ್ಟಿದ, ನಡೆಯೋರಿಗೆ ಮತ್ತು ಸೈಕಲ್ಲಿಗೆ ಮಾತ್ರ ಇರೋ ಸೇತುವೆ. ಪಾಸ್‌ಪೋರ್ಟ್ ಯಾರೂ ಕೇಳಲಿಲ್ಲ. ಒಂದು ಹೆಂಗಸು ಮಗುವನ್ನ ತಳ್ಳುಗಾಡಿಯಲ್ಲಿ ಕೂರಿಸ್ಕೊಂಡು ಫ್ರಾನ್ಸಿನಿಂದ ಜರ್ಮನಿಗೆ, ನಮ್ಮವರು ಹೊಲದಿಂದ ಮನೆಗೆ ಬರೋ ಹಾಗೆ, ಆರಾಮಾಗಿ ನಡ್ಕೊಂಡು ಬಂದಳು. ನಾವು ಆಚೆ ಹೋಗಿ ಸ್ಟ್ರಾಸ್‌ಬುರ್ಗಿನ ದೊಡ್ಡ ಚರ್ಚು ನೋಡಿದ್ವಿ, 142 ಮೀಟರ್ ಎತ್ತರ. ವಾಪಸ್ ಬರುವಾಗ ಸೇತುವೆ ಮಧ್ಯೆ ನಿಂತು ತುಂಬಾ ಹೊತ್ತು ನೀರು ನೋಡಿದೆ. ಎಷ್ಟು ನೀರು ಅಂತೀರಾ! ಅದನ್ನ ಯಾವುದರಿಂದಲೂ ಗುಣಿಸೋಕೆ ಬರಲ್ಲ.

ಭಾನುವಾರ ಫೋನಿನಲ್ಲಿ ಅಪ್ಪನಿಗೆ ಎಲ್ಲಾ ಹೇಳಿದೆ, ಐದು ಲಕ್ಷದ್ದೂ ಸೇರಿಸಿ. ಆ ಕಡೆಯಿಂದ ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ, ‘ಕೆಳಗಿನ ತೋಟಕ್ಕೆ ಗಿರಾಕಿ ಅವ್ರೆ ಮಗಾ. ಓದ್ತೀನಿ ಅಂದ್ರೆ ಕೊಟ್ಬಿಡನ’ ಅಂದ. ರೇಟು ಕೂಡ ಹೇಳಿದ. ನಾನು ಕೇಳೋಕೆ ಮುಂಚೆನೇ ವಿಚಾರಿಸಿಟ್ಟಿದ್ದ ಅಂತ ಆಗ ಗೊತ್ತಾಗಿದ್ದು. ಆ ತೋಟದ ಸಸಿಗಳನ್ನ ಇಟ್ಟವಳು ಅಜ್ಜಿ. ಬಿಂದಿಗೆಯಲ್ಲಿ ನೀರು ಹೊತ್ತು ಬೆಳೆಸಿದವಳು ಅವ್ವ.

‘ಬ್ಯಾಡ ಬಿಡಪ್ಪಾ, ಮೊದ್ಲು ಕೆಲ್ಸ ಹಿಡೀತೀನಿ. ಆಮೇಲೆ ನೋಡನ’ ಅಂದೆ.

‘ಆಮೇಲೆ ಆಗ್ತದಾ?’

‘ನೋಡನ ಅಪ್ಪಾ.’

ಅವ್ವ ಫೋನ್ ಕಿತ್ಕೊಂಡು, ಬರ್ತಾ ಸ್ವೆಟರು ಕೈಯಲ್ಲೇ ಇಟ್ಕೋ, ಬ್ಯಾಗಿಗೆ ಹಾಕಬ್ಯಾಡ, ಮೇಲೆ ಚಳಿ ಇರ್ತದೆ ಅಂದಳು. ವಿಮಾನದಲ್ಲಿ ಕಿಟಕಿ ತೆಗೆದಿರ್ತಾರೆ ಅಂತ ಅವಳ ಅಂದಾಜು.

ಸ್ಟೈಪೆಂಡಲ್ಲಿ ಉಳಿದಿದ್ದು 340 ಯೂರೋ. ಬೆಂಗಳೂರು ಏರ್‌ಪೋರ್ಟಿನ ಕೌಂಟರಿನವನು ಅದನ್ನ 60ರಿಂದ ಗುಣಿಸಿದ. ‘63 ಇದೆಯಲ್ಲಾ’ ಅಂದೆ. ‘ಅದು ಪೇಪರಲ್ಲಿ ಸಾರ್’ ಅಂದ. ಕೈಗೆ ಬಂದ 20,400 ರೂಪಾಯಿಯಲ್ಲಿ ಬೋರಿನ ಮೋಟರಿಗೆ ಹೊಸ ಕೇಬಲ್ ಹಾಕಿಸಿದ್ವಿ. ಡಿಸೆಂಬರಿನಲ್ಲಿ ಗೈಡ್ ಮೇಲ್ ಮಾಡಿದ್ದರು, ಅಪ್ಲೈ ಮಾಡಿದ್ರಾ ಅಂತ. ಅಷ್ಟೊತ್ತಿಗೆ ಕ್ಯಾಂಪಸ್ಸಲ್ಲಿ ಕೆಲಸ ಆಗಿತ್ತು. ಕೆಳಗಿನ ತೋಟ ಈಗಲೂ ನಮ್ಮದೇ. ವೀಡಿಯೋ ಕಾಲ್ ಮಾಡಿದಾಗ ಅಪ್ಪ ಅಲ್ಲೇ ನಿಂತು ಮಾತಾಡ್ತಾನೆ, ಸಿಗ್ನಲ್ ಚೆನ್ನಾಗಿ ಸಿಗೋದು ಅಲ್ಲೇ ಅಂತೆ.